ರಾಗಿ, ಕರಿ ಎಳ್ಳು, ಬೆಲ್ಲದ ‘ಎಲುಬಿನ ಪುಡಿ’: ಪೊಟ್ಟಣದ ಮುಂಭಾಗದ ಮಾತು, ಹಿಂಭಾಗದ ಲೆಕ್ಕ

ಶಿರಸಿ, ಸಿದ್ದಾಪುರ, ಕುಮಟಾ ಪೇಟೆಗಳ ಕಿರಾಣಿ ಅಂಗಡಿಗಳಲ್ಲಿ ಮಾತ್ರವಲ್ಲ, ಈಚೆಗೆ ಔಷಧ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೂ ಎಲುಬಿನ ಆರೋಗ್ಯಕ್ಕೆಂದು ಮಾರುವ ಹಿಟ್ಟಿನ ಪೊಟ್ಟಣಗಳು ಕಾಣಸಿಗುತ್ತವೆ. ಘಟ್ಟದ ಮೇಲಿನ ಒಂದು ಗೃಹೋದ್ಯಮದಲ್ಲಿ ತಯಾರಾಗುವ, 500 ಗ್ರಾಂಗೆ 280 ರೂಪಾಯಿ ಬೆಲೆಯ ಅಂಥದೊಂದು ಪುಡಿಯನ್ನು ಶಿರಸಿಯ ನಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆಯವರಿಗೂ ಕಾಲೇಜಿಗೆ ಹೋಗುವ ಮಗಳಿಗೂ ಕೊಟ್ಟು ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇದೇ ಬಗೆಯ ಪದಾರ್ಥ, ಇದೇ ಬಗೆಯ ಭರವಸೆ ಇರುವ ಪೊಟ್ಟಣಗಳು ಬೇರೆ ಬೇರೆ ಹೆಸರಿನಲ್ಲಿ ಬರುತ್ತಿರುವುದರಿಂದ, ಒಬ್ಬರನ್ನೇ ಬೊಟ್ಟು ಮಾಡುವುದು ಸರಿಯಲ್ಲವೆಂದು ತಯಾರಕರ ಹೆಸರನ್ನು ಬಿಟ್ಟಿದ್ದೇನೆ.

ಪದಾರ್ಥಗಳ ಪಟ್ಟಿ ಅಚ್ಚುಕಟ್ಟಾಗಿದೆ. ಮೊಳಕೆ ಬರಿಸಿದ ರಾಗಿ ಅರ್ಧದಷ್ಟು, ಅದರ ನಂತರ ಬೆಲ್ಲದ ಪುಡಿ, ಹುರಿಗಡಲೆ, ಸಿಪ್ಪೆ ಸಹಿತ ಕರಿ ಎಳ್ಳು, ಸ್ವಲ್ಪ ಬಾದಾಮಿ, ಶುಂಠಿ, ಏಲಕ್ಕಿ. ಬಣ್ಣವಿಲ್ಲ, ಸಂರಕ್ಷಕವಿಲ್ಲ, ಹಾಲಿನ ಪುಡಿಯೂ ಇಲ್ಲ. ಹಿಂಭಾಗದ ಸಣ್ಣ ಅಕ್ಷರಗಳಲ್ಲಿ 100 ಗ್ರಾಂ ಪುಡಿಯಲ್ಲಿ 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ಮುದ್ರಿಸಿದ್ದಾರೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ, ಸಿಪ್ಪೆ ತೆಗೆಯದ ಎಳ್ಳಿನಲ್ಲಿ 1,200 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದನ್ನು ಗಮನಿಸಿದರೆ ಈ ಅಂಕಿ ನಂಬುವಂಥದ್ದೇ. ಆದ್ದರಿಂದ ನನ್ನ ತಕರಾರು ಹಿಂಭಾಗದ ಅಂಕಿಯ ಮೇಲಲ್ಲ. ‘ದಿನಕ್ಕೆ 2 ಚಮಚ, ಎಲುಬಿಗೆ ಬೇಕಾದ ಪೂರ್ಣ ಪೋಷಣೆ’ ಎಂಬ ಮುಂಭಾಗದ ದೊಡ್ಡ ಅಕ್ಷರಗಳ ಮೇಲೆ.

ಚಮಚ ಎಂದರೆ ಯಾವ ಚಮಚ, ಎಷ್ಟು ಗ್ರಾಂ ಎಂದು ಎಲ್ಲಿಯೂ ಹೇಳಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಬಳಸುವ ಚಮಚದಲ್ಲಿ ಎರಡು ಸಲ ತುಂಬಿ ಅಡುಗೆಮನೆಯ ತಕ್ಕಡಿಯ ಮೇಲೆ ಸುರಿದಾಗ ತೂಕ 18 ಗ್ರಾಂ ಆಸುಪಾಸಿನಲ್ಲಿ ನಿಂತಿತು. ಅಷ್ಟು ಪುಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಸುಮಾರು 60 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮುಟ್ಟು ನಿಂತ ಮಹಿಳೆಯರಿಗೆ ಬೇಕಾಗುವುದು 1,200 ಮಿಲಿಗ್ರಾಂ. ಅಂದರೆ ಅತ್ತೆಯವರಿಗೆ ಬೇಕಾದ ಇಪ್ಪತ್ತು ಪಾಲಿನಲ್ಲಿ ಈ ಪುಡಿ ಒಂದು ಪಾಲನ್ನು ಕೊಡುತ್ತದೆ. ಪುಡಿಯನ್ನು ಕದಡಲು ಬಳಸುವ 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿಯೇ 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಲೋಟದಲ್ಲಿ ದುಡಿಯುವುದು ಹಾಲು, ಹೆಸರು ಬರುವುದು ಪುಡಿಗೆ. ಪೊಟ್ಟಣದ ಮೇಲೆ ‘ಬಿಸಿ ನೀರು ಅಥವಾ ಹಾಲಿನಲ್ಲಿ’ ಎಂದು ಎರಡನ್ನೂ ಸಮನಾಗಿ ಬರೆದಿರುವುದರಿಂದ, ನೀರಿನಲ್ಲಿ ಕದಡಿ ಕುಡಿದು ಇವತ್ತಿನ ಕೆಲಸ ಮುಗಿಯಿತೆಂದು ತಿಳಿಯುವವರು ಇದ್ದೇ ಇರುತ್ತಾರೆ.

ಇಷ್ಟು ಹೇಳಿದ ಮೇಲೆ ಪುಡಿಯ ಗುಣವನ್ನೂ ಹೇಳಬೇಕು, ಅದು ನಿಜಕ್ಕೂ ಚೆನ್ನಾಗಿದೆ. ರಾಗಿಗೆ ಮೊಳಕೆ ಬರಿಸಿದ್ದಾರೆಂಬುದು ಬರಿಯ ಬಾಯಿಮಾತಲ್ಲ ಎನ್ನುವುದು ಒಲೆಯ ಮೇಲೆಯೇ ತಿಳಿಯುತ್ತದೆ. ಸಾಮಾನ್ಯ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಕುದಿಸಿದರೆ ನಾಲ್ಕೈದು ನಿಮಿಷದಲ್ಲಿ ಮಣ್ಣಿಯ ಹದಕ್ಕೆ ಗಟ್ಟಿಯಾಗುತ್ತದೆ; ಮೊಳಕೆಯ ರಾಗಿಯಲ್ಲಿ ಹುಟ್ಟಿಕೊಂಡ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಅದೇ ಅಳತೆಯ ಹಿಟ್ಟು ತೆಳ್ಳಗಿನ ಗಂಜಿಯಾಗಿಯೇ ಉಳಿಯುತ್ತದೆ. ಈ ಪುಡಿ ತೆಳ್ಳಗೇ ಉಳಿಯಿತು, ಸೌಟಿನಿಂದ ಎಳೆಯಾಗಿ ಇಳಿಯಿತು. ಮೊಳಕೆಯಿಂದ ಇನ್ನೊಂದು ಲಾಭವಿದೆ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ, ಕಬ್ಬಿಣ, ಸತುವುಗಳನ್ನು ಕರುಳಿನಲ್ಲಿಯೇ ಕಟ್ಟಿಹಾಕಿ ಹೀರಿಕೆಯನ್ನು ತಗ್ಗಿಸುತ್ತದೆ. ನೆನೆಸುವುದು, ಮೊಳಕೆ ಬರಿಸುವುದು, ಹುಳಿ ಬರಿಸುವುದು ಅದರ ಹಿಡಿತವನ್ನು ಸಡಿಲಿಸುತ್ತವೆ. ಹಿಂದಿನವರು ರಾಗಿ ಅಂಬಲಿಯನ್ನು ರಾತ್ರಿಯೇ ಕಾಯಿಸಿಟ್ಟು, ಬೆಳಿಗ್ಗೆ ಮಜ್ಜಿಗೆ ಬೆರೆಸಿ ಕುಡಿಯುತ್ತಿದ್ದ ಕ್ರಮ ಈ ದೃಷ್ಟಿಯಿಂದಲೂ ಒಳ್ಳೆಯದೇ.

ಎಳ್ಳಿನ ವಿಷಯ ಅಷ್ಟು ಸರಳವಲ್ಲ. ಎಳ್ಳಿನ ಕ್ಯಾಲ್ಸಿಯಂ ಬಹುಪಾಲು ಅದರ ಸಿಪ್ಪೆಯಲ್ಲಿದೆ. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಹತ್ತನೆಯ ಒಂದು ಪಾಲೂ ಉಳಿಯದಿರಬಹುದು. ಹಾಗಾಗಿ ಇವರು ಕರಿ ಎಳ್ಳನ್ನು ಇಡಿಯಾಗಿ ಹುರಿದು ಪುಡಿ ಮಾಡಿರುವುದು ಮೆಚ್ಚುವ ಕೆಲಸ. ಆದರೆ ಸಿಪ್ಪೆಯ ಕ್ಯಾಲ್ಸಿಯಂ ಹೆಚ್ಚಾಗಿ ಆಕ್ಸಲೇಟ್ ಎಂಬ ಅಂಶದೊಂದಿಗೆ ಬೆಸೆದುಕೊಂಡಿರುವುದರಿಂದ, ಪಟ್ಟಿಯಲ್ಲಿ ಕಾಣುವ ದೊಡ್ಡ ಅಂಕಿಯಷ್ಟು ದೇಹಕ್ಕೆ ದಕ್ಕುವುದಿಲ್ಲ. ಪಾಲಕ್ ಸೊಪ್ಪಿನದೂ ಇದೇ ಕತೆ: ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು 30 ಪ್ರತಿಶತ ಹೀರಿಕೆಯಾದರೆ ಪಾಲಕಿನದು 5 ಪ್ರತಿಶತದ ಸುತ್ತಮುತ್ತ. ಪೌಷ್ಟಿಕಾಂಶದ ಪಟ್ಟಿಗಳು ಪದಾರ್ಥದಲ್ಲಿ ಎಷ್ಟಿದೆ ಎಂದು ಹೇಳುತ್ತವೆಯೇ ಹೊರತು ನಮಗೆ ಎಷ್ಟು ಸಿಗುತ್ತದೆ ಎಂದು ಹೇಳುವುದಿಲ್ಲ. ಚೌತಿಯ ಪಂಚಕಜ್ಜಾಯಕ್ಕೂ ಪಂಚಮಿಯ ಎಳ್ಳುಂಡೆಗೂ ಹೀಗೆಲ್ಲ ಲೆಕ್ಕ ಹಾಕುತ್ತ ಕುಳಿತುಕೊಳ್ಳಬೇಕಿಲ್ಲ. ಔಷಧದ ಮಾತಿನಲ್ಲಿ ಮಾರುವ ಪೊಟ್ಟಣಕ್ಕೆ ಮಾತ್ರ ಲೆಕ್ಕ ಕೇಳಲೇಬೇಕು.

ಪೊಟ್ಟಣದ ನಿಜವಾದ ಕೊರತೆ ಬೇರೆಯೇ ಇದೆ. ಪೌಷ್ಟಿಕಾಂಶದ ಪಟ್ಟಿಯಲ್ಲಿ ವಿಟಮಿನ್ ಡಿ ಎಂಬ ಸಾಲೇ ಇಲ್ಲ, ಇರಲು ಸಾಧ್ಯವೂ ಇಲ್ಲ, ಏಕೆಂದರೆ ರಾಗಿ, ಎಳ್ಳು, ಕಡಲೆ ಯಾವುದರಲ್ಲಿಯೂ ಹೇಳಿಕೊಳ್ಳುವಷ್ಟು ವಿಟಮಿನ್ ಡಿ ಇರುವುದಿಲ್ಲ. ಅದಿಲ್ಲದೆ ‘ಪೂರ್ಣ ಪೋಷಣೆ’ ಎನ್ನುವ ಮಾತಿಗೆ ಅರ್ಥವಿಲ್ಲ. ಕರುಳಿನಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರಬೇಕಾದರೆ ವಿಟಮಿನ್ ಡಿ ಬೇಕು. ಅದು ಸಾಕಷ್ಟಿದ್ದಾಗ ತಿಂದ ಕ್ಯಾಲ್ಸಿಯಂನ 30ರಿಂದ 40 ಪ್ರತಿಶತ ಹೀರಿಕೆಯಾದರೆ, ಕೊರತೆಯಿದ್ದಾಗ ಅದು 10ರಿಂದ 15 ಪ್ರತಿಶತಕ್ಕೆ ಇಳಿಯುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಮಟ್ಟ ತಗ್ಗುವುದನ್ನು ದೇಹ ಸಹಿಸುವುದಿಲ್ಲ, ಏಕೆಂದರೆ ಹೃದಯದ ಬಡಿತ, ಸ್ನಾಯುಗಳ ಸಂಕೋಚನ, ನರಗಳ ಕೆಲಸ ಎಲ್ಲವೂ ಅದರ ಮೇಲೆ ನಿಂತಿವೆ. ಹಾಗಾಗಿ ಕಡಿಮೆ ಬಿದ್ದದ್ದನ್ನು ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಎಲುಬಿನಿಂದಲೇ ತೆಗೆಸಿಕೊಡುತ್ತದೆ. ದೇಹದ ಒಟ್ಟು ಕ್ಯಾಲ್ಸಿಯಂನ 99 ಪ್ರತಿಶತ ಎಲುಬು ಮತ್ತು ಹಲ್ಲುಗಳಲ್ಲಿರುವುದರಿಂದ ಈ ತೆಗೆತ ವರ್ಷಗಟ್ಟಲೆ ನಡೆದರೂ ಹೊರಗೆ ಗೊತ್ತಾಗುವುದಿಲ್ಲ. ಅಂಗಳದಲ್ಲಿ ಜಾರಿ ಬಿದ್ದಾಗ ಮಣಿಕಟ್ಟೋ ಸೊಂಟವೋ ಮುರಿದ ಮೇಲೆಯೇ ತಿಳಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಬಿಸಿಲಿಗೇನು ಕೊರತೆ ಎಂದು ಕೇಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಆಕಾಶ, ಉಳಿದ ತಿಂಗಳುಗಳಲ್ಲಿ ಅಡಿಕೆ ತೋಟದ ನೆರಳು, ಮನೆಯ ಒಳಗೆಲಸ. ದಿನವಿಡೀ ತೋಟದಲ್ಲಿ ದುಡಿಯುವವರಿಗೂ ನೇರ ಬಿಸಿಲು ಮೈಗೆ ತಾಗುವುದು ನಾವು ಅಂದುಕೊಂಡಷ್ಟಿಲ್ಲ. ಎಳೆಬಿಸಿಲು ಎಲುಬಿಗೆ ಒಳ್ಳೆಯದೆಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಅತಿನೇರಳೆ ಬಿ ಕಿರಣಗಳು ಸೂರ್ಯ ಮೇಲೇರಿದ ಮೇಲೆ, ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿಯೇ ಹೆಚ್ಚು; ಕಿಟಕಿಯ ಗಾಜು ಅವನ್ನು ತಡೆಯುತ್ತದೆ, ಕಪ್ಪು ಚರ್ಮಕ್ಕೆ ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬೇಕು. ದಿನಕ್ಕೆ 600 ಅಂತರರಾಷ್ಟ್ರೀಯ ಘಟಕಗಳೆಂಬ ಶಿಫಾರಸನ್ನು ಸಸ್ಯಾಹಾರದ ತಟ್ಟೆಯೊಂದರಿಂದಲೇ ತಲುಪುವುದು ಹೆಚ್ಚುಕಡಿಮೆ ಅಸಾಧ್ಯ. ಪೊಟ್ಟಣದ ಹಾಲಿನ ಮೇಲೆ ‘+ಎಫ್’ ಗುರುತು ಇದ್ದರೆ ಅದಕ್ಕೆ ವಿಟಮಿನ್ ಎ ಮತ್ತು ಡಿ ಸೇರಿಸಿದ್ದಾರೆಂದು ಅರ್ಥ; ಸ್ವಲ್ಪ ಸಹಾಯವಾದರೂ ಅದೊಂದರಿಂದಲೇ ಕೊರತೆ ತುಂಬದು. ಅತ್ತೆಯವರ ರಕ್ತ ಪರೀಕ್ಷೆ ನೋಡಿದ ವೈದ್ಯರು ವಾರಕ್ಕೊಮ್ಮೆ ತೆಗೆದುಕೊಳ್ಳುವ ವಿಟಮಿನ್ ಡಿ ಬರೆದುಕೊಟ್ಟರು, ಪುಡಿಯ ಬಗ್ಗೆ ಕೇಳಿದ್ದಕ್ಕೆ ‘ಉಪಾಹಾರ ಅಂತ ಕುಡೀರಿ, ಅಡ್ಡಿಯಿಲ್ಲ’ ಎಂದರು. ನನ್ನ ಅಭಿಪ್ರಾಯವೂ ಅದೇ.

ಕರಾವಳಿಯ ತಟ್ಟೆಯ ಲೆಕ್ಕ ಬೇರೆ. ಕಾರವಾರ, ಅಂಕೋಲೆಯ ಮನೆಗಳಲ್ಲಿ ತಾರ್ಲೆ, ಬಂಗಡೆಯಂಥ ಎಣ್ಣೆಯಂಶದ ಮೀನುಗಳು ವಾರದಲ್ಲಿ ಹಲವು ಸಲ ಒಲೆ ಏರುತ್ತವೆ. ಸಹಜವಾಗಿ ವಿಟಮಿನ್ ಡಿ ಇರುವ ಕೆಲವೇ ಆಹಾರಗಳಲ್ಲಿ ಇವು ಸೇರಿವೆ. ಸಣ್ಣ ತಾರ್ಲೆಯನ್ನು ಮುಳ್ಳು ಮೆತ್ತಗಾಗುವಂತೆ ಬೇಯಿಸಿ ಮುಳ್ಳು ಸಮೇತ ಅಗಿದು ತಿಂದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಬಂಗಡೆಯ ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸುವುದರಿಂದ ಅದರಲ್ಲಿ ಪ್ರೋಟೀನು, ವಿಟಮಿನ್ ಡಿ ಬಂದರೂ ಕ್ಯಾಲ್ಸಿಯಂ ಹೆಚ್ಚೇನೂ ಬರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಿಸಿಲು ಮರೆಯಾಗುವ ತಿಂಗಳುಗಳಲ್ಲಿಯೇ ತಾಜಾ ಮೀನೂ ವಿರಳವಾಗಿ, ಒಣಮೀನಿನ ಮೇಲೆ ದಿನ ನೂಕಬೇಕಾಗುತ್ತದೆ. ಒಣಮೀನು ಪೌಷ್ಟಿಕವೇ ಆದರೂ ಅದರ ಉಪ್ಪು ಸಣ್ಣದಲ್ಲ. ಉಪ್ಪು ಹೆಚ್ಚಾದಷ್ಟೂ ಮೂತ್ರದ ಮೂಲಕ ಕ್ಯಾಲ್ಸಿಯಂ ಹೊರಹೋಗುತ್ತದೆ. ಘಟ್ಟದ ಮೇಲಿನವರು ಇದನ್ನು ಓದಿ ನಗಬೇಕಾಗಿಲ್ಲ, ನಮ್ಮ ಮಿಡಿ ಉಪ್ಪಿನಕಾಯಿಯ ಭರಣಿಯೂ ಅದೇ ಕೆಲಸ ಮಾಡುತ್ತದೆ. ಮೀನು ತಿನ್ನುವ ಮನೆಗೆ ಈ ಪುಡಿಯಿಂದ ಆಗುವ ಹೆಚ್ಚಿನ ಲಾಭ ಅಷ್ಟಕ್ಕಷ್ಟೇ.

ಪ್ರೋಟೀನಿನ ಬಗ್ಗೆ ಪೊಟ್ಟಣ ಮೌನವಾಗಿದೆ, ಅದು ಆಶ್ಚರ್ಯ. ಎಲುಬು ಬರೀ ಸುಣ್ಣದ ಗಟ್ಟಿಯಲ್ಲ. ಕೊಲಾಜನ್ ಎಂಬ ಪ್ರೋಟೀನಿನ ಹಂದರದ ಮೇಲೆ ಕ್ಯಾಲ್ಸಿಯಂ ಮತ್ತು ರಂಜಕದ ಹರಳುಗಳು ಕೂತು ಅದು ಗಟ್ಟಿಯಾಗುತ್ತದೆ. ಹಲ್ಲಿಲ್ಲವೆಂದು ಗಂಜಿ, ತಿಳಿಸಾರು, ನೀರು ಮಜ್ಜಿಗೆಯಲ್ಲಿಯೇ ಊಟ ಮುಗಿಸುವ ಹಿರಿಯರಿಗೆ ಹಂದರವೇ ಸೊರಗುತ್ತದೆ. 18 ಗ್ರಾಂ ಪುಡಿಯಲ್ಲಿ ಎರಡು ಗ್ರಾಂನಷ್ಟೂ ಪ್ರೋಟೀನು ಇಲ್ಲ. ಮ್ಯಾಗ್ನೀಸಿಯಂ ಮಾತ್ರ ರಾಗಿ, ಎಳ್ಳುಗಳಿಂದ ಚೆನ್ನಾಗಿಯೇ ಬರುತ್ತದೆ. ವಿಟಮಿನ್ ಕೆ ಬೇಕೆಂದರೆ ನುಗ್ಗೆ, ಹರಿವೆ ಸೊಪ್ಪುಗಳ ಕಡೆಗೆ ನೋಡಬೇಕು.

ಪೊಟ್ಟಣದ ಪಕ್ಕದ ಅಂಚಿನಲ್ಲಿ ‘ಮಂಡಿನೋವು ನಿವಾರಕ’ ಎಂದೂ ಅಚ್ಚಾಗಿದೆ. ಇದನ್ನು ಒಪ್ಪಲಾಗದು. ವಯಸ್ಸಾದವರ ಮಂಡಿನೋವಿಗೆ ಹೆಚ್ಚಾಗಿ ಕಾರಣ ಕೀಲಿನ ಮೃದ್ವಸ್ಥಿ ಸವೆಯುವುದು. ಎಲುಬಿನ ಸಾಂದ್ರತೆ ತಗ್ಗುವ ಆಸ್ಟಿಯೊಪೊರೋಸಿಸ್ ಬೇರೆಯೇ ತೊಂದರೆ, ಅದರಲ್ಲಿ ಎಲುಬು ಮುರಿಯುವವರೆಗೂ ಸಾಮಾನ್ಯವಾಗಿ ನೋವಿರುವುದಿಲ್ಲ. ರಾಗಿ, ಎಳ್ಳು ಸವೆದ ಮೃದ್ವಸ್ಥಿಯನ್ನು ಬೆಳೆಸಲಾರವು. ಆಹಾರದ ಪೊಟ್ಟಣದ ಮೇಲೆ ರೋಗ ಗುಣಪಡಿಸುವ ಭರವಸೆ ಕೊಡುವುದಕ್ಕೆ ನಮ್ಮ ಆಹಾರ ಸುರಕ್ಷತಾ ನಿಯಮಗಳಲ್ಲಿ ಅವಕಾಶವೂ ಇಲ್ಲ. ಪೊಟ್ಟಣದಲ್ಲಿ ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆಯನ್ನು ಸರಿಯಾಗಿ ಮುದ್ರಿಸಿದವರು ಈ ಸಾಲನ್ನು ತೆಗೆದರೆ ಅವರ ಘನತೆಯೇ ಹೆಚ್ಚುತ್ತದೆ.

ರುಚಿಗೆ ಪೂರ್ಣ ಅಂಕ. ಹುರಿದ ಎಳ್ಳಿನ ಸಣ್ಣ ಕಹಿ, ಅದರ ಹಿಂದೆಯೇ ಶುಂಠಿಯ ಖಾರ, ಕೊನೆಗೆ ಏಲಕ್ಕಿ. ಮಗಳು ಎರಡನೆಯ ಲೋಟ ಕೇಳಿದಳು. ಎಲುಬಿನ ಸಾಂದ್ರತೆ ಹೆಚ್ಚುಕಡಿಮೆ ಮೂವತ್ತರೊಳಗೆ ತನ್ನ ಗರಿಷ್ಠ ಮಟ್ಟ ಮುಟ್ಟುವುದರಿಂದ, ಹಾಲು ಕಂಡರೆ ಮುಖ ತಿರುಗಿಸುವ ಹುಡುಗಿಯರಿಗೆ ಹಾಲು ಕುಡಿಸುವ ನೆಪವಾಗಿ ಈ ಪುಡಿಗೆ ಬೆಲೆಯಿದೆ, ಬಹುಶಃ ಅದರ ಅತಿ ದೊಡ್ಡ ಉಪಯೋಗವೇ ಅದು. ಬಿಸಿ ಹಾಲಿಗೆ ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದೆ. ಮೊದಲು ತಣ್ಣನೆಯ ಹಾಲಿನಲ್ಲಿ ಕದಡಿ ಆಮೇಲೆ ಕುದಿಸಬೇಕು. ಬೆಲ್ಲ ಐದನೆಯ ಒಂದು ಪಾಲಿನಷ್ಟಿದೆ, ರಾಗಿಯೂ ನುಣ್ಣಗಿನ ಪುಡಿಯಾಗಿರುವುದರಿಂದ ಸಕ್ಕರೆ ಕಾಯಿಲೆಯವರಿಗೆ ಇದು ನಿರಪಾಯದ ಪಾನೀಯವಲ್ಲ. ಥೈರಾಯ್ಡ್ ಮಾತ್ರೆ ನುಂಗಿದ ಕೂಡಲೇ ಈ ಹಾಲು ಕುಡಿಯಬಾರದು, ಇದರಲ್ಲಿರುವ ಕ್ಯಾಲ್ಸಿಯಂ ಆ ಮಾತ್ರೆಯ ಹೀರಿಕೆಯನ್ನು ತಡೆಯುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾದವರು ಎಳ್ಳಿನ ಆಕ್ಸಲೇಟನ್ನು ನೆನಪಿನಲ್ಲಿಟ್ಟುಕೊಂಡು ವೈದ್ಯರನ್ನು ಕೇಳಿಯೇ ಬಳಸುವುದು ಲೇಸು.

ಬೆಲೆಯ ಲೆಕ್ಕದಲ್ಲಿ ಒಂದು ಲೋಟಕ್ಕೆ ಬೀಳುವ ಪುಡಿಗೆ ಸುಮಾರು 10 ರೂಪಾಯಿ. ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಗಿರಣಿಗೆ ಕೊಡುವ ವ್ಯವಧಾನವಿರುವವರಿಗೆ ಮನೆಯಲ್ಲಿಯೇ ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಶಿರಸಿಯ ಮಳೆಯಲ್ಲಿ ಮೊಳಕೆ ರಾಗಿ ಒಣಗಿಸುವುದು ಹೇಗೆಂಬುದು ಬೇರೆ ಪ್ರಶ್ನೆ. ಅದಾಗದವರು ಕೊಳ್ಳುವುದರಲ್ಲಿ ತಪ್ಪಿಲ್ಲ. ಪೊಟ್ಟಣದ ಜಿಪ್ ಮಾತ್ರ ಎರಡನೆಯ ವಾರಕ್ಕೇ ಸರಿಯಾಗಿ ಕೂರದಾಯಿತು, ಎಳ್ಳಿನ ಎಣ್ಣೆ ಜುಲೈ ತಿಂಗಳ ತೇವದಲ್ಲಿ ಬೇಗ ಜಿಡ್ಡುವಾಸನೆ ಹಿಡಿಯುವುದರಿಂದ ಒಡೆದ ಕೂಡಲೇ ಗಾಜಿನ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಡುವುದು ಒಳ್ಳೆಯದು. ತಯಾರಕರು 200 ಗ್ರಾಂನ ಪೊಟ್ಟಣವನ್ನೂ ಬೆಲ್ಲವಿಲ್ಲದ ಬಗೆಯನ್ನೂ ಮಾರುಕಟ್ಟೆಗೆ ತಂದು, ಚಮಚದ ಬದಲು ಗ್ರಾಂನಲ್ಲಿ ಅಳತೆ ಬರೆದರೆ, ನಮ್ಮ ಮನೆಯಲ್ಲಂತೂ ಮಳೆಗಾಲದಲ್ಲಿಯೂ ಅದನ್ನು ಕೊಳ್ಳುತ್ತೇವೆ.