ಪದ್ಮಿನಿಯ ವೇಪರ್ ಲಾಕ್‌ಗೆ ಯಾವುದು ಮದ್ದು: ಒದ್ದೆ ಬಟ್ಟೆಯೋ, ಎಸಿ ಪಂಪೋ, ಎಲೆಕ್ಟ್ರಿಕ್ಕೋ?

ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆ ಏಪ್ರಿಲ್ ಬಂತೆಂದರೆ ಒಂದೇ ಕಾಟ. ಘಾಟಿ ಹತ್ತುವಾಗ ಎಂಜಿನ್ ಜಗ್ಗಿ ಜಗ್ಗಿ ನಿಂತುಬಿಡುತ್ತದೆ. ಅರ್ಧ ಗಂಟೆ ಬಾನೆಟ್ ಎತ್ತಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್. ವೇಪರ್ ಲಾಕ್ ಅಂದರೆ ಇದೇ: ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಎಂಜಿನ್‌ಗೆ ಹರಿಯುವುದು ನಿಲ್ಲುತ್ತದೆ. ಇದಕ್ಕೆ ಜನ ಹೇಳುವ ಮೂರು ಉಪಾಯಗಳನ್ನೂ ನನ್ನ ಗಾಡಿಯಲ್ಲೇ ಮಾಡಿ ನೋಡಿದ್ದೇನೆ.

ಮೊದಲು ಕಾಯಿಲೆ ಯಾವುದೆಂದು ಖಾತ್ರಿ ಮಾಡಿಕೊಳ್ಳಿ. ಬಿಸಿಗೆ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್, ಕಂಡೆನ್ಸರ್ ಕೈಕೊಟ್ಟರೂ ಗಾಡಿ ಹೀಗೇ ನಿಲ್ಲುತ್ತದೆ. ನಿಂತ ಕೂಡಲೇ ಪ್ಲಗ್ಗಿನಲ್ಲಿ ಕಿಡಿ ಬರುತ್ತದೆಯೇ ನೋಡಿ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಹತ್ತಿರ ಪಾರದರ್ಶಕ ಫಿಲ್ಟರ್ ಹಾಕಿದ್ದರೆ ಇನ್ನೂ ಸುಲಭ: ಕಿಡಿ ಚೆನ್ನಾಗಿದ್ದು, ಫಿಲ್ಟರಿನೊಳಗೆ ಪೆಟ್ರೋಲಿನ ಬದಲು ಗುಳ್ಳೆಗಳು ಓಡಾಡುತ್ತಿದ್ದರೆ ಅದು ವೇಪರ್ ಲಾಕೇ.

ಒದ್ದೆ ಬಟ್ಟೆಗೆ ಖರ್ಚಿಲ್ಲ. ಪಂಪಿಗೆ ಸುತ್ತಿ ನೀರು ಹನಿಸಿದರೆ ಆವಿ ತಣಿದು ಗಾಡಿ ಹೊರಡುತ್ತದೆ. ಬಟ್ಟೆ ಒಣಗಿದರೆ ಮುಗಿಯಿತು. ಮನೆ ತಲುಪಲು ಸಾಕು, ಅಷ್ಟೆ.

ಗ್ಯಾರೇಜಿನವರು ಎಸಿ ಪಂಪ್ ಅನ್ನುವ ಮೂಲ ಮೆಕ್ಯಾನಿಕಲ್ ಪಂಪನ್ನು ಬಿಚ್ಚಿ ಹೊಸ ಕಿಟ್ (ಒಳಗಿನ ಬಿಡಿಭಾಗಗಳ ಸೆಟ್) ಹಾಕುವುದು ನನಗೆ ಬಹಳ ಇಷ್ಟದ ಕೆಲಸ. ಒಳಗಿರುವುದು ಒಂದು ಡಯಾಫ್ರಾಮ್ (ರಬ್ಬರ್ ಪೊರೆ), ಒಂದು ಸ್ಪ್ರಿಂಗ್, ಎರಡು ವಾಲ್ವ್. ಡಯಾಫ್ರಾಮನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಮಡಚಿ ನೋಡಿ, ಕೂದಲೆಳೆಯಂಥ ಬಿರುಕುಗಳು ಅಂಚಿನಲ್ಲೇ ಶುರುವಾಗಿರುತ್ತವೆ. ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುವುದರಿಂದ ಹಳೇ ಸ್ಟಾಕಿನ ರಬ್ಬರ್ ಬೇಗ ಕೆಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಿಟ್ ಕೊಳ್ಳುವಾಗ ಎಥನಾಲ್ ತಡೆಯುವ ಡಯಾಫ್ರಾಮೇ ಬೇಕೆಂದು ಕೇಳಿ. ಪಂಪಿಗೂ ಬ್ಲಾಕಿಗೂ ನಡುವಿನ ದಪ್ಪ ಸ್ಪೇಸರನ್ನು ಎಸೆಯಬೇಡಿ. ಅದು ಬಿಸಿಯನ್ನೂ ತಡೆಯುತ್ತದೆ, ಪಂಪನ್ನು ಆಡಿಸುವ ಲಿವರ್ ಎಷ್ಟು ಆಡಬೇಕೆಂಬುದನ್ನೂ ನಿರ್ಧರಿಸುತ್ತದೆ. ಇಷ್ಟು ಮಾಡಿದ ಮೇಲೆ ಊರೊಳಗಿನ ಓಡಾಟದಲ್ಲಿ ಗಾಡಿ ನಿಂತಿದ್ದೇ ಇಲ್ಲ. ಚಾರ್ಮಾಡಿ ಘಾಟಿಯನ್ನು ಮಧ್ಯಾಹ್ನದ ಬಿಸಿಲಲ್ಲಿ ಲಾರಿ ಹಿಂದೆ ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಮಾತ್ರ ಮತ್ತೆ ಜಗ್ಗಿತು.

ಕಾರಣ ಪಂಪ್ ಕೂತ ಜಾಗದಲ್ಲಿದೆ. ಅದು ಎಂಜಿನ್ ಪಕ್ಕದಲ್ಲಿ ಕೂತು ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಎಳೆತದಲ್ಲಿ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಪೆಟ್ರೋಲ್ ಇನ್ನೂ ಬೇಗ ಕುದಿಯುತ್ತದೆ. ಎಲೆಕ್ಟ್ರಿಕ್ ಪಂಪನ್ನು ಟ್ಯಾಂಕಿನ ಹತ್ತಿರ, ತಗ್ಗಿನಲ್ಲಿ ಕೂರಿಸಿದರೆ ಅದು ಹಿಂದಿನಿಂದ ತಳ್ಳುತ್ತದೆ. ಆಗ ಇಡೀ ಪೈಪ್ ಒತ್ತಡದಲ್ಲಿರುತ್ತದೆ. ಅದೇ ಘಾಟಿ, ಅದೇ ಬಿಸಿಲು, ಗಾಡಿ ತಡವರಿಸದೆ ಹತ್ತಿತು. ಹಿಂದಿನ ಸೀಟಿನವರಿಗೆ ಟಿಕ್ ಟಿಕ್ ಸದ್ದು ಕೇಳಿಸುತ್ತದೆ, ಅಷ್ಟು ಸಹಿಸಿಕೊಳ್ಳಬೇಕು.

ಆದರೆ ಇದರಲ್ಲಿ ಅಪಾಯವೂ ಇದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೆ 2ರಿಂದ 4 ಪಿಎಸ್‌ಐ ಒತ್ತಡದ ಪಂಪ್ ಸಾಕು. ಕಾರ್ಬುರೇಟರಿನ ಬದಲು ಇಂಜೆಕ್ಟರ್ ಇರುವ ಎಂಪಿಎಫ್‌ಐ ಕಾರಿನದನ್ನು ಹಾಕಿದರೆ ಅದರ ಸುಮಾರು 3 ಬಾರ್ (40ಕ್ಕೂ ಹೆಚ್ಚು ಪಿಎಸ್‌ಐ) ಒತ್ತಡಕ್ಕೆ, ಕಾರ್ಬುರೇಟರಿನೊಳಗೆ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ನಿಲ್ಲದೆ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಫ್ಯೂಸ್, ರಿಲೇ ಇರಲೇಬೇಕು. ಎಂಜಿನ್ ನಿಂತಾಗ ಪಂಪನ್ನೂ ನಿಲ್ಲಿಸುವ ಆಯಿಲ್ ಪ್ರೆಷರ್ ಸ್ವಿಚ್ ಕೂಡ ಬೇಕು. ಇಲ್ಲದಿದ್ದರೆ ಆಕ್ಸಿಡೆಂಟಿನಲ್ಲಿ ಪೈಪ್ ಕಿತ್ತರೂ ಪಂಪ್ ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ. ಕೆಲವರು ಎರಡೂ ಪಂಪುಗಳನ್ನು ಒಂದೇ ಲೈನಿನಲ್ಲಿ ಇಡುತ್ತಾರೆ. ಅದು ಬೇಡವೇ ಬೇಡ. ಎಸಿ ಪಂಪಿನ ಡಯಾಫ್ರಾಮ್ ಹರಿದ ದಿನ ಎಲೆಕ್ಟ್ರಿಕ್ ಪಂಪ್ ಪೆಟ್ರೋಲನ್ನು ನೇರ ಎಂಜಿನ್ ಆಯಿಲ್ ನಿಲ್ಲುವ ಸಂಪಿಗೆ ತುಂಬುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಊರೊಳಗೇ ಓಡಿಸುವವರು, ಗಾಡಿಯನ್ನು ಮೂಲ ರೂಪದಲ್ಲೇ ಉಳಿಸಿಕೊಳ್ಳಬೇಕೆನ್ನುವವರು ಎಸಿ ಪಂಪಿಗೆ ಒಳ್ಳೇ ಕಿಟ್ ಹಾಕಿಸಿಕೊಳ್ಳಿ. ನಾನು ಘಾಟಿ ಓಡಾಟ ಬಿಡುವವನಲ್ಲ, ಹಾಗಾಗಿ ಎಲೆಕ್ಟ್ರಿಕ್ ಇಟ್ಟುಕೊಂಡು ಎಸಿ ಪಂಪಿನ ಜಾಗಕ್ಕೆ ಪ್ಲೇಟ್ ಮುಚ್ಚಿದ್ದೇನೆ. ನೀವೂ ಹಾಗೇ ಮಾಡುವುದಾದರೆ ಪಂಪಿನ ಜೊತೆಗೆ ರಬ್ಬರ್ ಪೈಪುಗಳನ್ನೂ ಕ್ಲಾಂಪುಗಳನ್ನೂ ಹೊಸದಾಗಿ ಹಾಕಿ.