ದಪ್ಪ ಕಲ್ಲಿನ ಗೋಡೆಯಲ್ಲಿ ಎಸಿ ಪೈಪ್: ವಿಜಯಪುರದ ಒಂದು ಸೇವಾ ತಂಡದ ಕೆಲಸ

ವಿಜಯಪುರದಲ್ಲಿ ಎಸಿ ಕೊಳ್ಳಲು ಹೋದವರು ಕಂಪನಿ, ಟನ್, ಸ್ಟಾರ್ ಇವುಗಳ ಬಗ್ಗೆ ಅಂಗಡಿಯಲ್ಲಿ ಗಂಟೆಗಟ್ಟಲೆ ವಿಚಾರಿಸುತ್ತಾರೆ. ಅದನ್ನು ಕೂರಿಸುವವರು ಯಾರು, ಪೈಪನ್ನು ಹೇಗೆ ಎಳೆಯುತ್ತಾರೆ ಎಂಬುದನ್ನು ಮಾತ್ರ ಕೇಳುವುದಿಲ್ಲ. ಯಂತ್ರ ಹಲವು ವರ್ಷ ಬಾಳುವುದೋ, ಎರಡನೆಯ ಬೇಸಿಗೆಗೇ ಗ್ಯಾಸ್ ಖಾಲಿಯಾಗುವುದೋ ಎಂಬುದು ಬಹುಪಾಲು ಆ ಕೆಲಸದಿಂದಲೇ ತೀರ್ಮಾನವಾಗುತ್ತದೆ. ನಮ್ಮ ಹಳೆಯ ಮನೆಯಲ್ಲಿ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ ಕೂರಿಸಿಕೊಟ್ಟದ್ದು ಸ್ಟೇಷನ್ ರಸ್ತೆ ಕಡೆಯ ಒಂದು ಚಿಕ್ಕ ಸೇವಾ ತಂಡ. ಮಾಮೂಲಿ ದರಕ್ಕಿಂತ ಇವರು ಸುಮಾರು ಒಂದೂವರೆ ಪಟ್ಟು ತೆಗೆದುಕೊಂಡರು. ಒಂದೆರಡು ಆಕ್ಷೇಪಗಳನ್ನು ಬಿಟ್ಟರೆ, ಕೊಟ್ಟ ಹಣಕ್ಕೆ ತಕ್ಕ ಕೆಲಸವಾಗಿದೆ.

ಗೋಳಗುಮ್ಮಟದ ಊರಿನಲ್ಲಿ ದಪ್ಪ ಗೋಡೆ ಹೊಸ ಸಂಗತಿಯೇನಲ್ಲ. ಕರಿಕಲ್ಲು ಮತ್ತು ಸುಣ್ಣದ ಗಚ್ಚಿನಿಂದ ಕಟ್ಟಿದ ನಮ್ಮ ಗೋಡೆ ಎರಡಡಿಗೂ ಮೀರಿ ದಪ್ಪವಿದೆ. ಇಂಥ ಗೋಡೆಗೆ ಸುತ್ತಿಗೆ, ಉಳಿ ಹಾಕಿದರೆ ಗಚ್ಚು ಸಡಿಲಾಗಿ ಅಕ್ಕಪಕ್ಕದ ಕಲ್ಲೂ ಅಲುಗುತ್ತದೆ. ತಂಡದವರು ನೀರು ಬಿಡುತ್ತ ಕಲ್ಲನ್ನು ದುಂಡಗೆ ಕತ್ತರಿಸುವ ಕೋರ್ ಕಟಿಂಗ್ ಯಂತ್ರದಿಂದ ದುಂಡಗಿನ ಒಂದೇ ರಂಧ್ರ ಕೊರೆದರು, ಅದನ್ನೂ ಹೊರಭಾಗಕ್ಕೆ ತುಸು ಇಳಿಜಾರಾಗಿ ಕೊರೆದರು. ಒಳಘಟಕ, ಹೊರಘಟಕಗಳ ನಡುವೆ ಗ್ಯಾಸ್ ಹರಿಯಲು ಎಸಿಯೊಂದಿಗೆ ಬಂದಿದ್ದ ಮೂರು ಮೀಟರ್ ತಾಮ್ರದ ಪೈಪ್ ನಮ್ಮ ಗೋಡೆಯನ್ನು ದಾಟಿ ಹೊರಘಟಕದವರೆಗೆ ಸಾಲುವಂತಿರಲಿಲ್ಲ. ತುಂಡು ಸೇರಿಸಿ ಬೆಸುಗೆ ಹಾಕುವುದು ಅಗ್ಗದ ದಾರಿ. ಆದರೆ ಗೋಡೆಯೊಳಗೆ ಜೋಡಣೆ ಸೋರಿದರೆ ಅದನ್ನು ಹುಡುಕಲು ಗೋಡೆಯನ್ನೇ ಒಡೆಯಬೇಕು. ಆದ್ದರಿಂದ ಅಖಂಡವಾದ ಉದ್ದ ಪೈಪನ್ನೇ ತಂದರು, ಕಲ್ಲಿನ ಪುಡಿ ಒಳಗೆ ಹೋಗದಂತೆ ಎರಡೂ ಬಾಯಿಗೆ ಮುಚ್ಚಳ ಹಾಕಿ ರಂಧ್ರದಲ್ಲಿ ತೂರಿಸಿದರು. ಹೆಚ್ಚಿನ ಉದ್ದಕ್ಕೆ ಮೀಟರ್ ಲೆಕ್ಕದಲ್ಲಿ ಹಣ ಹಿಡಿದದ್ದು ನ್ಯಾಯವೇ.

ಪೈಪ್ ಕತ್ತರಿಸಿದ ಮೇಲೆ ಅಂಚಿನ ಸಿಬಿರನ್ನು ಕೆರೆದು ತೆಗೆಯುವಾಗ ಬಾಯಿಯನ್ನು ಕೆಳಮುಖವಾಗಿ ಹಿಡಿದಿದ್ದರು. ತಾಮ್ರದ ಚೂರು ಒಳಗೆ ಬಿದ್ದರೆ ಮುಂದೆ ಕಂಪ್ರೆಸರಿಗೆ ಅಪಾಯ. ಫ್ಲೇರ್ ಮಾಡಿದ, ಎಂದರೆ ಕೊಳವೆಯಂತೆ ಅಗಲಿಸಿದ ಬಾಯಿಗೆ ಒಂದು ಹನಿ ಎಣ್ಣೆ ಸವರಿ, ನಟ್ ಅನ್ನು ಮೊದಲು ಕೈಯಿಂದಲೇ ಕೂರಿಸಿ, ಕೊನೆಗೆ ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಪಾನಾದಿಂದ ಬಿಗಿಗೊಳಿಸಿದರು. ಎಸಿಗೆ ತಾಮ್ರದ ಪೈಪು ಎರಡು, ಒಂದು ತೆಳು, ಇನ್ನೊಂದು ದಪ್ಪ; ತೆಳು ಪೈಪಿನ ನಟ್‌ಗೆ ಬೇಕಾದ ಬಿಗಿ ದಪ್ಪ ಪೈಪಿನದಕ್ಕಿಂತ ಬಹಳ ಕಡಿಮೆ. ಎರಡಕ್ಕೂ ಒಂದೇ ಪಾನಾದಲ್ಲಿ ಒಂದೇ ಬಲ ಹಾಕಿದರೆ ತೆಳು ಪೈಪಿನ ಫ್ಲೇರ್ ಬಿರಿಯುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ವ್ಯಾಕ್ಯೂಮ್ ಕೆಲಸ, ಎಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಹೀರಿ ತೆಗೆಯುವುದು. ಊರಿನಲ್ಲಿ ಹಲವರು ಪಂಪ್ ತರುವುದೇ ಇಲ್ಲ. ಹೊರಘಟಕದ ವಾಲ್ವ್ ಅನ್ನು ಕ್ಷಣಕಾಲ ತೆರೆದು, ಒಳಗಿನ ಗ್ಯಾಸಿನಿಂದಲೇ ಪೈಪಿನ ಗಾಳಿಯನ್ನು ಹೊರಗೆ ನೂಕಿ ಮುಗಿಸುತ್ತಾರೆ. ಇದರಿಂದ ಅಳೆದು ತುಂಬಿದ ಗ್ಯಾಸ್ ಕಡಿಮೆಯಾಗುತ್ತದೆ, ತೇವಾಂಶವೂ ಪೂರ್ತಿ ಹೋಗುವುದಿಲ್ಲ. ಈಗಿನ ಯಂತ್ರಗಳ ಕಂಪ್ರೆಸರ್ ಎಣ್ಣೆ ತೇವವನ್ನು ಬೇಗ ಹೀರಿಕೊಳ್ಳುವ ಜಾತಿಯದು. ತೇವ ಸೇರಿದರೆ ಆಮ್ಲವಾಗಿ ಒಳಗಿನ ಸುರುಳಿಗಳನ್ನು ತಿನ್ನುತ್ತದೆ. ಅಲ್ಲದೆ ನಮ್ಮ ಯಂತ್ರದಲ್ಲಿರುವ ಆರ್-32 ಎಂಬ ಗ್ಯಾಸ್ ಸೌಮ್ಯ ಮಟ್ಟದಲ್ಲಾದರೂ ಬೆಂಕಿ ಹಿಡಿಯುವ ಗುಣವುಳ್ಳ ಅನಿಲ, ಅದನ್ನು ಮನೆಯ ಬಳಿ ಬಿಡುವುದೇ ತಪ್ಪು. ಇವರು ಮೊದಲು ನೈಟ್ರೋಜನ್ ತುಂಬಿ ಸೋರಿಕೆ ನೋಡಿದರು. ಬಳಿಕ ಪಂಪ್ ಹಚ್ಚಿ, ಪೈಪಿನೊಳಗೆ ಉಳಿದ ಒತ್ತಡವನ್ನು ಅಳೆಯುವ ಮೈಕ್ರಾನ್ ಗೇಜಿನಲ್ಲಿ 500ಕ್ಕಿಂತ ಕೆಳಗೆ ಇಳಿಸಿ, ಪಂಪ್ ನಿಲ್ಲಿಸಿ ಅಂಕಿ ಮತ್ತೆ ಏರುತ್ತದೆಯೇ ಎಂದು ಕಾದು ನೋಡಿದರು. ಆ ಕಾಯುವಿಕೆಗೆ ಚಹಾ ಕುಡಿಯುವಷ್ಟು ಸಮಯ ಹಿಡಿಯುತ್ತದೆ, ಅವಸರ ಮಾಡಬಾರದು.

ಇನ್ನು ಒಳಘಟಕದಲ್ಲಿ ಕೂಡುವ ನೀರನ್ನು ಹೊರಗೆ ಸಾಗಿಸುವ ಡ್ರೇನ್ ಪೈಪ್. ನಮ್ಮಲ್ಲಿ ಎಸಿ ಕೂರಿಸುವುದು ಮಾರ್ಚ್, ಏಪ್ರಿಲ್ ತಿಂಗಳಲ್ಲಿ. ಬಿಸಿಲು 40 ಡಿಗ್ರಿಯ ಸುತ್ತಮುತ್ತ ಇದ್ದರೂ ಗಾಳಿ ಒಣಗಿರುವುದರಿಂದ ಒಳಘಟಕದಲ್ಲಿ ನೀರು ಹೆಚ್ಚು ಕೂಡುವುದಿಲ್ಲ. ಹೀಗಾಗಿ ಇಳಿಜಾರು ತಪ್ಪಿದ್ದರೂ ಆಗ ಯಾರಿಗೂ ತಿಳಿಯುವುದಿಲ್ಲ. ಜೂನ್ ದಾಟಿ ಹವೆಯಲ್ಲಿ ತೇವ ಏರಿದಾಗ ನೀರು ಹಿಂದಿರುಗಿ ಗೋಡೆಗುಂಟ ಇಳಿಯತೊಡಗುತ್ತದೆ. ಹಿರಿಯ ಮಿಸ್ತ್ರಿ ಇದನ್ನು ‘ಈಗ ಹವಾ ಒಣಾ ಐತ್ರಿ, ಸೋರೂದು ಗೊತ್ತಾಗೂದು ಮಳಿಗಾಲದಾಗ’ ಎಂದು ಹೇಳಿ, ಒಳಘಟಕದ ತಟ್ಟೆಗೆ ತಂಬಿಗೆ ನೀರು ಸುರಿದು ತೋರಿಸಿದರು. ಪೈಪನ್ನು ರಸಮಟ್ಟ ಇಟ್ಟು, ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಯುವಂತೆ, ಎಲ್ಲಿಯೂ ಹೊಟ್ಟೆ ಬಿಡದಂತೆ ಕಟ್ಟಿದ್ದರು. ಕೊನೆಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸದೆ ಮೇಲೆಯೇ ಬಿಟ್ಟರು, ಏಕೆಂದರೆ ಮುಳುಗಿದರೆ ಗಾಳಿ ಸಿಕ್ಕಿಕೊಂಡು ನೀರು ನಿಲ್ಲುತ್ತದೆ. ಗೋಡೆಯೊಳಗಿನ ಭಾಗಕ್ಕೂ ಇನ್ಸುಲೇಷನ್ ಹಾಕಿದ್ದು ಸರಿ. ತಣ್ಣೀರು ಹರಿಯುವ ಪೈಪ್ ಬೆವರಿದರೆ ಸುಣ್ಣದ ಗಚ್ಚು ಅದನ್ನು ಕುಡಿಯುತ್ತದೆ. ತಾಮ್ರದ ಎರಡು ಪೈಪುಗಳಿಗೂ ಬೇರೆ ಬೇರೆ ಕವಚ ಹಾಕಿದರು. ಸ್ಪ್ಲಿಟ್ ಎಸಿಯಲ್ಲಿ ಗ್ಯಾಸಿನ ಒತ್ತಡ ಇಳಿದು ಅದು ತಣ್ಣಗಾಗುವುದು ಹೊರಘಟಕದಲ್ಲಿಯೇ ಆಗಿರುವುದರಿಂದ ತೆಳು ಪೈಪೂ ತಣ್ಣಗಿರುತ್ತದೆ ಎಂಬುದು ಹಲವು ಕೆಲಸಗಾರರಿಗೆ ನೆನಪಿರುವುದಿಲ್ಲ.

ಆಕ್ಷೇಪಗಳೂ ಇವೆ. ಹೊರಗಿನ ಪೈಪಿಗೆ ಸುತ್ತಿದ ಬಿಳಿ ಟೇಪ್ ಬಹಳ ತೆಳುವಾಗಿದ್ದು, ನಮ್ಮ ಬಿಸಿಲಿಗೆ ಅದು ಬೇಗ ಹರಿಯುವುದು ನಿಶ್ಚಿತ. ಪಿವಿಸಿ ಕವಚ ಹಾಕಿಸಲು ಬೇರೆ ಹಣ ಕೊಡಬೇಕಾಯಿತು. ಇದನ್ನು ಮೊದಲ ಅಂದಾಜಿನಲ್ಲಿಯೇ ಸೇರಿಸಬೇಕಿತ್ತು. ಡ್ರೇನ್ ತುದಿಗೆ ಅವರು ಹಾಕಿದ್ದ ಸುಕ್ಕುಗಟ್ಟಿದ ಹೊಂದಿಕೊಳ್ಳುವ ಪೈಪನ್ನು ತೆಗೆಸಿ, ಗಟ್ಟಿ ಪೈಪ್ ಹಾಕಿಸಿಕೊಂಡೆ. ಗೋಡೆಯ ರಂಧ್ರವನ್ನು ಅಳಿಲು, ಇಲಿ ನುಸುಳದಂತೆ ಒಳಗೂ ಹೊರಗೂ ಮುಚ್ಚಿದ್ದರು, ಆದರೆ ಕೋಣೆಯಲ್ಲಿ ಬಿದ್ದ ಕಲ್ಲಿನ ಕೆಸರನ್ನು ನಾವೇ ಬಳಿಯಬೇಕಾಯಿತು. ಆದರೂ ಉದ್ದ ಪೈಪಿಗೆ ತಕ್ಕಂತೆ ತುಂಬಿದ ಹೆಚ್ಚುವರಿ ಗ್ಯಾಸಿನ ತೂಕವನ್ನು ಬಿಲ್ಲಿನಲ್ಲಿ ಬರೆದುಕೊಟ್ಟರು, ಇದು ಮೆಚ್ಚತಕ್ಕದ್ದು.

ಬೇಸಿಗೆ ಏರಿದ ಮೇಲೆ ಇವರ ದಿನಾಂಕ ಸಿಗುವುದು ಕಷ್ಟ, ಫೆಬ್ರವರಿಯಲ್ಲೇ ಹೇಳಿಡುವುದು ಒಳ್ಳೆಯದು. ಕೋರ್ ಕಟಿಂಗ್ ಯಂತ್ರ ಅವರಲ್ಲಿ ಒಂದೇ ಇದೆ. ಆದ್ದರಿಂದ ಕಲ್ಲಿನ ಗೋಡೆಯ ಮನೆಯವರು ಗೋಡೆಯ ದಪ್ಪವನ್ನು ಅಳೆದು ಮೊದಲೇ ತಿಳಿಸತಕ್ಕದ್ದು.