ಅಟಾರ್ವಾ 80, ರೋಸುವಾ 20, ರೋಸುವಾ 10 ಜೊತೆ ಎಜೆಟಿಮೈಬ್: ಮೂರನ್ನೂ ತಗೊಂಡು ನೋಡಿದ ಮೇಲೆ

ಸ್ಟೆಂಟ್ ಹಾಕಿಸಿಕೊಂಡವರಿಗೆ ಕೊಲೆಸ್ಟ್ರಾಲ್ ಮಾತ್ರೆ ಬೇಕಾ ಬೇಡವಾ ಅನ್ನೋ ಚರ್ಚೆ ನನ್ನ ಮಟ್ಟಿಗೆ ಮುಗಿದಿದೆ. ಬೇಕೇ ಬೇಕು. 1994ರಲ್ಲೇ ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ 4,444 ಹೃದ್ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ, ಸ್ಟ್ಯಾಟಿನ್ (ಅಟಾರ್ವಾ, ರೋಸುವಾ ಎಲ್ಲಾ ಸೇರಿದ ಕೊಲೆಸ್ಟ್ರಾಲ್ ಮಾತ್ರೆಗಳ ಗುಂಪು) ತಗೊಂಡವರಲ್ಲಿ ಸಾವು ಸುಮಾರು ಶೇ 30ರಷ್ಟು ಕಡಿಮೆ ಅಂತ ತೋರಿಸಿದರು. ಉಳಿದಿರೋದು ಯಾವ ಮಾತ್ರೆ, ಎಷ್ಟು ಎಂಜಿ ಅನ್ನೋ ಪ್ರಶ್ನೆ. ಡಾಕ್ಟರು ಬದಲಾಯಿಸಿದ ಹಾಗೆ ನಾನು ಮೂರು ತರಹ ತಗೊಂಡಿದ್ದೇನೆ. ಮಾತ್ರೆ ಶುರುವಾಗುವ ಮುಂಚೆ ನನ್ನ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ 148 ಇತ್ತು.

ಮೊದಲನೆಯದು ಅಟಾರ್ವಾಸ್ಟಾಟಿನ್ 80. ಹಾರ್ಟ್ ಅಟ್ಯಾಕ್ ಆದ ಕೂಡಲೇ ಬಹಳ ಜನಕ್ಕೆ ಕೊಡೋದು ಇದನ್ನೇ. ಕೆಲಸವನ್ನೇನೋ ಮಾಡಿತು, ಎಲ್‌ಡಿಎಲ್ 72ಕ್ಕೆ ಇಳಿಯಿತು. ಆದರೆ ತೊಡೆ ಹಿಡಿದುಕೊಂಡಿತು. ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ, ಇಡೀ ದಿನ ಗಾದಿ ಮೇಲೆ ಕೂರಬೇಕು. ಗಿರಾಕಿ ಬಂದಾಗ ಏಳಬೇಕೆಂದರೆ ಎರಡೂ ತೊಡೆ ಮರಗಟ್ಟಿದ ಹಾಗೆ ಆಗಿ, ಕಪಾಟು ಹಿಡಿದು ಏಳುತ್ತಿದ್ದೆ. ಡಾಕ್ಟರು ಸಿಪಿಕೆ ಟೆಸ್ಟ್ ಮಾಡಿಸಿದರು, ನಾರ್ಮಲ್ ಬಂತು. ಸ್ನಾಯುವಿಗೆ ಪೆಟ್ಟು ಬಿದ್ದಿಲ್ಲ ಅಂತ ಧೈರ್ಯ ಬಂತು, ನೋವು ಮಾತ್ರ ಹೋಗಲಿಲ್ಲ. ನೋವಿನ ಜೊತೆ ಮೂತ್ರ ಕಡುಗೆಂಪು ಅಥವಾ ಟೀ ಬಣ್ಣಕ್ಕೆ ತಿರುಗಿದರೆ ಮಾತ್ರ ಒಂದು ದಿನವೂ ಕಾಯಬಾರದು, ಆಗ ಕಿಡ್ನಿಗೇ ಅಪಾಯ.

ಎರಡನೆಯದು ರೋಸುವಾಸ್ಟಾಟಿನ್ 20. ಎಲ್‌ಡಿಎಲ್ 69. ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಇವೆರಡರಲ್ಲಿ ಯಾವುದು ಮೇಲು ಅಂತ ಕೊರಿಯಾದಲ್ಲಿ 4,400 ಹೃದ್ರೋಗಿಗಳ ಮೇಲೆ ನಡೆದ ಅಧ್ಯಯನ 2023ರಲ್ಲಿ ಬಂತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಸಾವು ತಡೆಯೋದರಲ್ಲಿ ಎರಡೂ ಸಮ. ಎಲ್‌ಡಿಎಲ್ ಸ್ವಲ್ಪ ಜಾಸ್ತಿ ಇಳಿಸಿದ್ದು ರೋಸುವಾ, ಹೊಸದಾಗಿ ಶುಗರ್ ಬಂದವರು ಸ್ವಲ್ಪ ಜಾಸ್ತಿ ಇದ್ದದ್ದೂ ರೋಸುವಾದಲ್ಲೇ. ಹಾಗಾಗಿ "ಅದು ಹಳೇದು, ಇದು ಹೊಸದು" ಅಂತ ಹೇಳಿ ಬದಲಾಯಿಸಿಕೊಳ್ಳೋದರಲ್ಲಿ ಅರ್ಥ ಇಲ್ಲ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಮಾತ್ರೆ ಬದಲಾದ ತಿಂಗಳು ಒಂದು ಮೆಡಿಕಲ್ ಶಾಪಿನಲ್ಲಿ ಚೀಟಿ ನೋಡಿ, ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಇರೋ, ರಕ್ತ ತೆಳುಮಾಡುವ ಮಾತ್ರೆ ಬದಲು ಮೂರು ಔಷಧ ಸೇರಿದ ಕ್ಯಾಪ್ಸೂಲ್ ಕೊಟ್ಟರು. "ಎಲ್ಲಾ ಒಂದೇ ತಗೊಳ್ಳಿ" ಅಂದರು. ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿದ ನನ್ನ ಮಗಳು, "ಅಪ್ಪಾಜಿ, ಇದರಲ್ಲೂ ಅಟಾರ್ವಾ ಇದೆ" ಅಂದಳು. ತಗೊಂಡಿದ್ದರೆ ದಿನಾ ಎರಡು ಸ್ಟ್ಯಾಟಿನ್ ಹೊಟ್ಟೆಗೆ ಹೋಗುತ್ತಿತ್ತು. ಬ್ರ್ಯಾಂಡ್ ಹೆಸರು ನಂಬಬೇಡಿ, ಒಳಗಿನ ಔಷಧದ ಹೆಸರು ಓದಿ. ಹಾಗಂತ ಗಾಬರಿಯಾಗಿ ರಕ್ತ ತೆಳುಮಾಡುವ ಮಾತ್ರೆ ಬಿಡಬೇಡಿ, ಸ್ಟೆಂಟ್ ಮುಚ್ಚಿಕೊಂಡರೆ ಜೀವಕ್ಕೇ ಕುತ್ತು ಬರುತ್ತದೆ.

ಮೂರನೆಯದೇ ನನಗೆ ಒಗ್ಗಿದ್ದು: ರೋಸುವಾ 10 ಜೊತೆ ಎಜೆಟಿಮೈಬ್ 10, ಒಂದೇ ಮಾತ್ರೆಯಲ್ಲಿ. ಸ್ಟ್ಯಾಟಿನ್ ಡೋಸ್ ಎರಡರಷ್ಟು ಮಾಡಿದರೂ ಎಲ್‌ಡಿಎಲ್ ಇನ್ನೊಂದು ಶೇ 6ರಷ್ಟೇ ಇಳಿಯುತ್ತದೆ. ಎಜೆಟಿಮೈಬ್ ದಾರಿಯೇ ಬೇರೆ. ಸ್ಟ್ಯಾಟಿನ್ ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಾಗೋದನ್ನು ತಗ್ಗಿಸಿದರೆ, ಇದು ಕರುಳು ಅದನ್ನು ಹೀರಿಕೊಳ್ಳೋದನ್ನು ತಡೆದು ಸುಮಾರು ಶೇ 20 ಇಳಿಸುತ್ತದೆ. ನನ್ನ ಎಲ್‌ಡಿಎಲ್ 54ಕ್ಕೆ ಬಂತು. ಹಾರ್ಟ್ ಅಟ್ಯಾಕ್ ಆದವರಿಗೆ ಯುರೋಪಿನ ವೈದ್ಯರು 2019ರಲ್ಲಿ ಇಟ್ಟ ಗುರಿ 55ಕ್ಕಿಂತ ಕೆಳಗೆ. ಗಾದಿಯಿಂದ ಈಗ ಸಲೀಸಾಗಿ ಏಳುತ್ತೇನೆ, ಕುಂದವಾಡ ಕೆರೆ ಸುತ್ತ ನಡೆದು ಬಂದರೂ ತೊಡೆ ಸುಮ್ಮನಿರುತ್ತದೆ. ಇದೂ ನನ್ನೊಬ್ಬನ ಅದೃಷ್ಟ ಅಲ್ಲ. 2022ರ ಇನ್ನೊಂದು ಕೊರಿಯನ್ ಅಧ್ಯಯನದಲ್ಲಿ ಇದೇ ಜೋಡಿಯನ್ನು ರೋಸುವಾ 20ಕ್ಕೆ ಹೋಲಿಸಿದರು. ತೊಂದರೆ ತಾಳಲಾರದೆ ಮಾತ್ರೆ ಬಿಟ್ಟವರು ಅಥವಾ ಡೋಸ್ ಇಳಿಸಿಕೊಂಡವರು ಜೋಡಿಯಲ್ಲಿ ಶೇ 4.8, ಬರೀ ರೋಸುವಾದಲ್ಲಿ ಶೇ 8.2. ಹೃದಯದ ರಕ್ಷಣೆಯಲ್ಲಿ ಜೋಡಿ ಹಿಂದೆ ಬೀಳಲಿಲ್ಲ.

ಅಗಸಿ ಪುಡಿ, ಬೆಳ್ಳುಳ್ಳಿ ಊಟಕ್ಕೆ ಚೆನ್ನ. ಎಲ್‌ಡಿಎಲ್ ಅರ್ಧಕ್ಕೆ ಇಳಿಸೋ ಶಕ್ತಿ ಅವಕ್ಕಿಲ್ಲ. ಬೆಣ್ಣೆ ದೋಸೆ ನಾನಂತೂ ಅಪರೂಪ ಮಾಡಿದ್ದೇನೆ.

ಆಯ್ಕೆ ಮಾಡುವಾಗ ಡಾಕ್ಟರಿಗೆ ನಿಮ್ಮ ಉಳಿದ ಕಾಯಿಲೆ, ಉಳಿದ ಮಾತ್ರೆ ಎಲ್ಲಾ ಹೇಳಿ. ಕೆಮ್ಮಿಗೆ ಕ್ಲಾರಿಥ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ ಬರೆದುಕೊಟ್ಟರೆ ಅಟಾರ್ವಾ ತಗೊಳ್ಳೋದನ್ನು ತಿಳಿಸಲೇಬೇಕು, ರಕ್ತದಲ್ಲಿ ಅಟಾರ್ವಾ ಪ್ರಮಾಣ ಏರುತ್ತದೆ. ಮಂಡಕ್ಕಿ ಮಿರ್ಚಿ ತಿಂದು ಎದೆ ಉರಿದಾಗ ಕುಡಿಯೋ ಆಂಟಾಸಿಡ್‌ಗೂ ರೋಸುವಾಕ್ಕೂ ಎರಡು ಗಂಟೆ ಅಂತರ ಇರಲಿ. ಮಾತ್ರೆ ಬದಲಾದ ಮೇಲೆ 4ರಿಂದ 12 ವಾರದೊಳಗೆ ಲಿಪಿಡ್ ಟೆಸ್ಟ್ ಮಾಡಿಸಿ. ಕಿಡ್ನಿ ತೀರಾ ದುರ್ಬಲವಾಗಿರುವವರಿಗೆ ರೋಸುವಾ 10 ಎಂಜಿ ದಾಟಬಾರದು. ಅಂಥವರಿಗೆ ಅಟಾರ್ವಾನೇ ವಾಸಿ.